ಹಾಡು ನಂಬರ್ ಒನ್, ಹಾಡಿದವನೇ ಇಲ್ಲ

ಸೋಲ್ ಸಂಗೀತ ಅಂದರೆ ಏನೆಂದು ಗೊತ್ತಿಲ್ಲದವರೂ ಆ ಸಿಳ್ಳೆಯನ್ನು ಎಲ್ಲೋ ಒಂದು ಕಡೆ ಕೇಳಿರುತ್ತಾರೆ. ಅಲೆಗಳ ಸದ್ದು, ಆತುರವಿಲ್ಲದ ಗಿಟಾರ್, ಕೊನೆಗೆ ಮಾತೇ ಇಲ್ಲದ ಸಿಳ್ಳೆ. ಓಟಿಸ್ ರೆಡ್ಡಿಂಗ್‌ನ ‘ಡಾಕ್ ಆಫ್ ದ ಬೇ’ ಅದು. 1968ರ ಮಾರ್ಚ್ 16ರ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಈ ಹಾಡು ಮೊದಲ ಸ್ಥಾನಕ್ಕೇರಿದಾಗ ಹಾಡಿದವನು ತೀರಿಕೊಂಡು ಮೂರು ತಿಂಗಳು ಕಳೆದಿತ್ತು. ಗಾಯಕ ಸತ್ತ ಮೇಲೆ ಆ ಪಟ್ಟಿಯ ತುದಿ ಮುಟ್ಟಿದ ಮೊಟ್ಟಮೊದಲ ಹಾಡು ಇದೇ.

ಬದುಕಿದ್ದಾಗ ಆ ಪಟ್ಟಿ ಓಟಿಸ್‌ಗೆ ಒಲಿಯಲಿಲ್ಲ. ಕಪ್ಪು ಜನರ ಸಂಗೀತಕ್ಕೆ ಅಮೆರಿಕದಲ್ಲಿ ‘ಆರ್ ಅಂಡ್ ಬಿ’ ಎಂಬ ಬೇರೆಯೇ ಪಟ್ಟಿ ಇತ್ತು. ಅಲ್ಲಿ ಆತ ದೊಡ್ಡ ಸ್ಟಾರ್. ಪಾಪ್ ಪಟ್ಟಿಯಲ್ಲಿ ಮಾತ್ರ 21ನೇ ಸ್ಥಾನ ದಾಟಿ ಮೇಲೆ ಹೋಗಲೇ ಇಲ್ಲ. ತಾನೇ ಬರೆದು 1965ರಲ್ಲಿ ಹಾಡಿದ ‘ರೆಸ್ಪೆಕ್ಟ್’ 35ಕ್ಕೆ ನಿಂತುಬಿಟ್ಟಿತು. ಎರಡು ವರ್ಷದ ನಂತರ ಅದೇ ಹಾಡು ಅರೀಥಾ ಫ್ರಾಂಕ್ಲಿನ್ ದನಿಯಲ್ಲಿ ನಂಬರ್ ಒನ್ ಆಯಿತು. ಈಗಲೂ ತುಂಬಾ ಜನ ಅದು ಅರೀಥಾ ಅವರದ್ದೇ ಹಾಡು ಅಂದುಕೊಂಡಿದ್ದಾರೆ. ಪಾಪ ಓಟಿಸ್!

1967ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಸಾಸಲಿಟೊದಲ್ಲಿ, ಒಂದು ದೋಣಿಮನೆಯಲ್ಲಿ ತಂಗಿದ್ದಾಗ ಓಟಿಸ್ ಈ ಹಾಡು ಶುರು ಮಾಡಿದ. ಊರು ಬಿಟ್ಟು ದೂರ ಬಂದರೂ ಏನೂ ಬದಲಾಗದವನೊಬ್ಬ ಕಡಲ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾನೆ, ಅಷ್ಟೇ ಕಥೆ. ಮೆಂಫಿಸ್‌ಗೆ ವಾಪಸ್ ಬಂದು ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಜೊತೆ ಸೇರಿ ಅದನ್ನು ಮುಗಿಸಿದ. ರೆಕಾರ್ಡಿಂಗ್ ನಡೆದದ್ದು ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೊದಲ್ಲಿ. ಅದು ಹಳೇ ಸಿನಿಮಾ ಟಾಕೀಸು! ಕಿರುಚಿ, ಬೆವರಿ, ವೇದಿಕೆ ನಡುಗಿಸುತ್ತಿದ್ದ ಓಟಿಸ್ ಇಷ್ಟು ಮೆತ್ತಗೆ ಹಾಡಿದ್ದು ಕಂಪನಿಯಲ್ಲೇ ಕೆಲವರಿಗೆ ಹಿಡಿಸಲಿಲ್ಲ. ನನಗಂತೂ ಆ ಮೆತ್ತಗಿನ ದನಿಯೇ ಇಷ್ಟ.

ಡಿಸೆಂಬರ್ 10ರಂದು ಕಾರ್ಯಕ್ರಮಕ್ಕೆಂದು ಹೊರಟಿದ್ದ ಆತನ ವಿಮಾನ ಮ್ಯಾಡಿಸನ್ ನಗರದ ಮೊನೋನಾ ಸರೋವರಕ್ಕೆ ಬಿತ್ತು. ಓಟಿಸ್‌ಗೆ ಆಗ 26. ಜೊತೆಗಿದ್ದ ‘ಬಾರ್-ಕೇಸ್’ ತಂಡದ ಹುಡುಗರು ಆತನಿಗಿಂತಲೂ ಚಿಕ್ಕವರು. ವಿಮಾನದಲ್ಲಿದ್ದವರಲ್ಲಿ ಬದುಕುಳಿದದ್ದು ಟ್ರಂಪೆಟ್ ನುಡಿಸುವ ಬೆನ್ ಕಾಲಿ ಒಬ್ಬನೇ.

ಹಾಡನ್ನು ಸಿದ್ಧಪಡಿಸುವ ಕೆಲಸ ಕ್ರಾಪರ್‌ನ ಪಾಲಿಗೆ ಬಂತು. ಸತ್ತ ಗೆಳೆಯನ ದನಿಯನ್ನು ಮತ್ತೆ ಮತ್ತೆ ಕೇಳುತ್ತಾ ಮಿಕ್ಸಿಂಗ್ ಮಾಡುವುದು ಹೇಗಿದ್ದಿರಬೇಕು? ಅಲೆಗಳನ್ನೂ ಕಡಲಹಕ್ಕಿಗಳ ಕೂಗನ್ನೂ ಸೇರಿಸಿದ್ದು ಆತನೇ. ಕ್ರಾಪರ್ ಹೇಳಿಕೊಂಡಿರುವಂತೆ, ಕೊನೆಗೆ ಆಡಬೇಕಿದ್ದ ಮಾತು ಓಟಿಸ್‌ಗೆ ಮರೆತುಹೋಗಿ ಸಿಳ್ಳೆ ಹಾಕಿದ್ದ. ಅದು ಹಾಗೇ ಉಳಿಯಿತು.

ಜನವರಿ 8ರಂದು ಬಿಡುಗಡೆಯಾದ ಹಾಡು ಪಾಪ್, ಆರ್ ಅಂಡ್ ಬಿ ಎರಡೂ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ಬ್ರಿಟನ್‌ನಲ್ಲಿ ಮೂರನೆಯದಾಯಿತು. ಸಾವಿನ ಅನುಕಂಪದಿಂದ ಹಿಟ್ ಆಯಿತು ಅನ್ನುವವರಿದ್ದಾರೆ. ಮೊದಮೊದಲು ಅದೂ ಇದ್ದೀತು. ಆದರೆ 20ನೇ ಶತಮಾನದಲ್ಲಿ ಅತಿ ಹೆಚ್ಚು ಪ್ರಸಾರವಾದ ಹಾಡುಗಳೆಂದು ಅಮೆರಿಕದ ಬಿಎಂಐ ಸಂಸ್ಥೆ 1999ರಲ್ಲಿ ಮಾಡಿದ ಪಟ್ಟಿಯಲ್ಲಿ ಇದಕ್ಕೆ ಆರನೇ ಸ್ಥಾನ. ಅನುಕಂಪ ಮೂವತ್ತು ವರ್ಷ ಬಾಳಿಕೆ ಬರುತ್ತದಾ?

ಹಾಟ್ 100ರ ತುದಿಯಲ್ಲಿ ಹಾಡು ನಾಲ್ಕು ವಾರ ಇತ್ತು. ಕೊನೆಯ ಪಟ್ಟಿಯ ತಾರೀಖು ಏಪ್ರಿಲ್ 6. ಅದಕ್ಕೆ ಎರಡು ದಿನ ಮೊದಲು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು, ಅದೂ ಮೆಂಫಿಸ್‌ನಲ್ಲೇ, ಲೊರೇನ್ ಮೋಟೆಲ್‌ನ ಮಹಡಿಯಲ್ಲಿ. ಸ್ಟ್ಯಾಕ್ಸ್‌ನ ಕಪ್ಪು–ಬಿಳಿ ಕಲಾವಿದರು ಒಟ್ಟಿಗೆ ಕೂತು ಹಾಡು ಕಟ್ಟುತ್ತಿದ್ದ ಜಾಗ ಅದು. ಬಿಳಿಯನಾದ ಕ್ರಾಪರ್, ಕಪ್ಪು ಗಾಯಕ ಎಡ್ಡಿ ಫ್ಲಾಯ್ಡ್ ಸೇರಿ ‘ನಾಕ್ ಆನ್ ವುಡ್’ ಬರೆದದ್ದು ಅಲ್ಲಿಯೇ.