ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ: ಏಪ್ರಿಲ್ 1992ರ ಸಂಚಿಕೆ

ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ ಅಮೆರಿಕದ ಒಂದು ವಿಡಿಯೊ ಗೇಮ್ ಮಾಸಪತ್ರಿಕೆಯಾಗಿತ್ತು. 1992ರ ಏಪ್ರಿಲ್ ತಿಂಗಳಿನದು ಅದರ 33ನೆಯ ಸಂಚಿಕೆ. ಕ್ಯಾಪ್‌ಕಾಮ್ ಸಂಸ್ಥೆಯ 'ಸ್ಟ್ರೀಟ್ ಫೈಟರ್ 2' ಆಟದಲ್ಲಿ ಶೆಂಗ್ ಲಾಂಗ್ ಎಂಬ ಗುಪ್ತ ಯೋಧನಿದ್ದಾನೆ ಎಂದು ತಿಳಿಸಿ, ಅವನನ್ನು ಎದುರಿಸುವ ವಿಧಾನವನ್ನು ವಿವರಿಸಿದ ಒಂದು ಕಿರುಬರಹದಿಂದಾಗಿ ಈ ಸಂಚಿಕೆಯು ಪ್ರಸಿದ್ಧವಾಗಿದೆ. ಅಂತಹ ಯೋಧನು ಆಟದಲ್ಲಿ ಇರಲೇ ಇಲ್ಲ. ಬರಹವು ಏಪ್ರಿಲ್ ಮೂರ್ಖರ ದಿನದ ಹುಸಿಸುದ್ದಿಯಾಗಿತ್ತು. ಆದರೂ ಬೇರೆ ಪ್ರಕಟಣೆಗಳು ಅದನ್ನು ನಿಜವೆಂದೇ ಭಾವಿಸಿ ಮತ್ತೆ ಅಚ್ಚುಹಾಕಿದವು. ಪತ್ರಿಕೆಯು ಸತ್ಯವನ್ನು ಒಪ್ಪಿಕೊಂಡದ್ದು ಅದೇ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ.

ಹೆಸರಿನ ಮೂಲ

ಶೆಂಗ್ ಲಾಂಗ್ ಎಂಬ ಹೆಸರನ್ನು ಪತ್ರಿಕೆಯು ಸೃಷ್ಟಿಸಲಿಲ್ಲ. ಅದು ಅನುವಾದದ ದೋಷದಿಂದ ಹುಟ್ಟಿದ್ದು. 1991ರಲ್ಲಿ ಬಿಡುಗಡೆಯಾದ ಈ ಆಟದಲ್ಲಿ ಪ್ರತಿ ಪಂದ್ಯದ ನಂತರ ಗೆದ್ದ ಯೋಧನು ಸೋತವನಿಗೆ ಹೇಳುವ ಒಂದು ಮಾತು ಪರದೆಯ ಮೇಲೆ ಮೂಡುತ್ತದೆ. ಜಪಾನಿ ಮೂಲದಲ್ಲಿ ರ್ಯೂ ಎಂಬ ಯೋಧನು, ಶೋರ್ಯೂಕೆನ್ ಪೆಟ್ಟನ್ನು ಭೇದಿಸದ ಹೊರತು ಎದುರಾಳಿಗೆ ಗೆಲುವಿಲ್ಲ ಎನ್ನುತ್ತಾನೆ. ಶೋರ್ಯೂಕೆನ್ ಎಂದರೆ ಮೇಲೇರುವ ಡ್ರ್ಯಾಗನ್‌ನ ಮುಷ್ಟಿ. ಅದು ರ್ಯೂ ನೆಲದಿಂದ ಮೇಲಕ್ಕೆ ಚಿಮ್ಮುತ್ತ ಕೊಡುವ ಹೊಡೆತದ ಹೆಸರು.

ಜಪಾನಿ ಬರವಣಿಗೆಯಲ್ಲಿ ಚೀನೀ ಮೂಲದ ಚಿಹ್ನೆಗಳು ಬಳಕೆಯಾಗುತ್ತವೆ. ಚಿಹ್ನೆಯೊಂದೇ ಆದರೂ ಉಚ್ಚಾರ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ: 5 ಎಂಬ ಅಂಕಿಯನ್ನು ಕನ್ನಡಿಗರು ಐದು ಎಂದೂ ಹಿಂದಿಯವರು ಪಾಂಚ್ ಎಂದೂ ಓದುವಂತೆ. ಹೊಡೆತದ ಹೆಸರಿನ ಮೊದಲ ಎರಡು ಚಿಹ್ನೆಗಳ ಚೀನೀ ಉಚ್ಚಾರ 'ಶೆಂಗ್ ಲಾಂಗ್'. ಇಂಗ್ಲಿಷ್ ಆವೃತ್ತಿಯಲ್ಲಿ ಈ ಉಚ್ಚಾರವೇ ಉಳಿದುಕೊಂಡಿತು. ಹೀಗಾಗಿ ಹೊಡೆತದ ಕುರಿತಾದ ಮಾತು, ಶೆಂಗ್ ಲಾಂಗ್‌ನನ್ನು ಸೋಲಿಸದೆ ಗೆಲುವಿಲ್ಲ ಎಂಬ ಅರ್ಥವನ್ನು ಪಡೆಯಿತು. ಓದಿದವರಿಗೆ ಅದು ವ್ಯಕ್ತಿಯ ಹೆಸರಾಗಿ ತೋರಿದುದು ಸಹಜ. ಆ ವ್ಯಕ್ತಿ ಯಾರು, ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಆಟದಲ್ಲಿ ಉತ್ತರವಿರಲಿಲ್ಲ. ಪತ್ರಿಕೆಯು ತುಂಬಿದ್ದು ಈ ಖಾಲಿ ಜಾಗವನ್ನು.

ಪ್ರಕಟವಾದ ವಿಧಾನ

ಪತ್ರಿಕೆಯಲ್ಲಿ ಆಟಗಳ ಗುಟ್ಟುಗಳಿಗೂ ಉಪಾಯಗಳಿಗೂ ಮೀಸಲಾದ ವಿಭಾಗವೊಂದಿತ್ತು. ಹುಸಿಬರಹವು ನಿಜವಾದ ಉಪಾಯದಂತೆಯೇ, ತಿದ್ದಿದ ಚಿತ್ರಗಳೊಂದಿಗೆ ಪ್ರಕಟವಾಯಿತು. ಅದರ ಪ್ರಕಾರ ಆಟಗಾರನು ರ್ಯೂನನ್ನು ಆಯ್ದುಕೊಂಡು, ಒಂದು ಪೆಟ್ಟನ್ನೂ ತಿನ್ನದೆ ಕೊನೆಯ ಎದುರಾಳಿ ಎಂ. ಬೈಸನ್‌ನವರೆಗೆ ತಲುಪಬೇಕು. ಅಲ್ಲಿ ತಾನೂ ಹೊಡೆಯದೆ, ಅವನಿಂದಲೂ ಹೊಡೆಸಿಕೊಳ್ಳದೆ, ಸಮಯ ಮುಗಿಯುವವರೆಗೆ ತಪ್ಪಿಸಿಕೊಳ್ಳುತ್ತ ಹತ್ತು ಸುತ್ತುಗಳನ್ನು ಕಳೆಯಬೇಕು. ಆಗ ಶೆಂಗ್ ಲಾಂಗ್ ಪ್ರತ್ಯಕ್ಷನಾಗಿ ಬೈಸನ್‌ನನ್ನು ಎತ್ತಿ ಎಸೆದು ಆಟಗಾರನ ಮೇಲೆ ಕಾದಾಟಕ್ಕೆ ನಿಲ್ಲುತ್ತಾನೆ; ಗಡಿಯಾರ 99ರಲ್ಲೇ ನಿಂತುಬಿಡುತ್ತದೆ.

ಉಪಾಯವನ್ನು ಕಳುಹಿಸಿದವರ ಹೆಸರು ಡಬ್ಲ್ಯೂ. ಎ. ಸ್ಟೋಕಿನ್ಸ್, ಊರು ಫುಲ್ಡಿಗೆನ್, ರಾಜ್ಯದ ಸಂಕೇತ ಎಚ್‌ಎ ಎಂದು ಕೊನೆಯಲ್ಲಿ ನಮೂದಾಗಿತ್ತು. ಅಮೆರಿಕದ ಯಾವ ರಾಜ್ಯಕ್ಕೂ ಆ ಸಂಕೇತವಿಲ್ಲ. ಊರನ್ನೂ ಸಂಕೇತವನ್ನೂ ಕೂಡಿಸಿ ಗಟ್ಟಿಯಾಗಿ ಓದಿದರೆ 'ಫೂಲ್ಡ್ ಅಗೇನ್, ಹಾ', ಅಂದರೆ ಮತ್ತೆ ಮೋಸಹೋದಿರಿ ಎಂಬ ನಗು ಕೇಳಿಸುತ್ತದೆ. ಸುಳುಹು ಪುಟದಲ್ಲೇ ಇತ್ತು. ಆದರೆ ಉಪಾಯವನ್ನು ಹುಡುಕುವ ಓದುಗನು ವಿಳಾಸವನ್ನು ಗಟ್ಟಿಯಾಗಿ ಓದಿಕೊಳ್ಳುವುದಿಲ್ಲ.

ನಂಬಿಕೆಗೆ ಕಾರಣಗಳು

ಈ ಹುಸಿಯ ಬಲವಿದ್ದದ್ದು ಅದು ವಿಧಿಸಿದ ಷರತ್ತುಗಳಲ್ಲಿ. ಆಟದಲ್ಲಿ ಒಟ್ಟು 12 ಯೋಧರು. ರ್ಯೂನನ್ನು ಆಯ್ದುಕೊಂಡವನು ಉಳಿದ 11 ಮಂದಿಯನ್ನೂ ಎದುರಿಸಬೇಕು, ಬೈಸನ್ ಕೊನೆಯವನು. ಎದುರಾಳಿಯ ವಿಶೇಷ ಹೊಡೆತವನ್ನು ಸರಿಯಾಗಿ ತಡೆದರೂ ಜೀವಬಲ ಸ್ವಲ್ಪ ಕುಗ್ಗುವಂತೆ ಆಟವನ್ನು ರೂಪಿಸಲಾಗಿದೆ. ಪೆಟ್ಟು ತಿನ್ನದೆ ಬೈಸನ್‌ನನ್ನು ತಲುಪುವುದು ನುರಿತವರಿಗೂ ಅತಿ ಕಠಿಣ. ಹತ್ತು ಸುತ್ತುಗಳ ಕಾಲ ಅವನಿಂದ ತಪ್ಪಿಸಿಕೊಳ್ಳುವುದು ಅದಕ್ಕಿಂತಲೂ ಕಠಿಣ. ಪ್ರಯತ್ನಿಸಿ ಸೋತವನು ತನ್ನ ಕೈಚಳಕ ಸಾಲದೆಂದುಕೊಳ್ಳುತ್ತಾನೆಯೇ ಹೊರತು ಪತ್ರಿಕೆ ಸುಳ್ಳು ಹೇಳಿತೆಂದಲ್ಲ. ಸೋಲು ಸುದ್ದಿಯನ್ನು ಅಲ್ಲಗಳೆಯದಂತೆ ಷರತ್ತುಗಳು ಕಾವಲಿದ್ದವು. ಪ್ರತಿ ಹೊಸ ಪ್ರಯತ್ನಕ್ಕೂ ಯಂತ್ರಕ್ಕೆ ನಾಣ್ಯ ಹಾಕಬೇಕಿತ್ತು ಎಂಬುದನ್ನು ನೆನೆದರೆ, ತಮಾಷೆಯ ಬೆಲೆ ತೆತ್ತವರು ಓದುಗರೇ.

ಪರೀಕ್ಷಿಸಲು ಬೇರೆ ದಾರಿಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ಆಟವು ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ಮಾತ್ರ ಲಭ್ಯವಿತ್ತು. ಸೂಪರ್ ನಿಂಟೆಂಡೊ ಆವೃತ್ತಿ ಅಮೆರಿಕಕ್ಕೆ ಬಂದದ್ದು 1992ರ ಜುಲೈನಲ್ಲಿ. ಅಂತರಜಾಲವು ಜನಸಾಮಾನ್ಯರ ಕೈಸೇರಿರಲಿಲ್ಲ. ಆಟದೊಳಗೆ ಏನಿದೆ ಎಂಬುದಕ್ಕೆ ಅಚ್ಚಾದ ಪುಟವೇ ಪ್ರಮಾಣವಾಗಿತ್ತು.

ಇದರ ಜೊತೆಗೆ, ಅಂದಿನ ಆಟಗಳಲ್ಲಿ ನಿಜವಾದ ಗುಟ್ಟುಗಳೂ ಇದ್ದವು. ಕೊನಾಮಿಯ 'ಕಾಂಟ್ರಾ' ಆಟದಲ್ಲಿ ಗುಂಡಿಗಳನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಿದರೆ 30 ಜೀವಗಳು ದೊರೆಯುತ್ತಿದ್ದವು. ಸ್ಟ್ರೀಟ್ ಫೈಟರ್ 2ರ ಮೊದಲ ಆವೃತ್ತಿಯಲ್ಲೇ ಗೈಲ್ ಎಂಬ ಯೋಧನ ದೋಷವೊಂದು ಪತ್ತೆಯಾಗಿತ್ತು: ಕೈಕೋಳ ತೊಡಿಸಿದಂತೆ ಎದುರಾಳಿಯು ಅವನಿಗೆ ಅಂಟಿಕೊಂಡುಬಿಡುತ್ತಿದ್ದನು. ಇಂತಹ ವಿಚಿತ್ರವನ್ನು ಕಣ್ಣಾರೆ ಕಂಡವರಿಗೆ ಗುಪ್ತ ಗುರುವೊಬ್ಬನ ಸುದ್ದಿ ಅಸಂಭವವೆನಿಸಬೇಕಾಗಿರಲಿಲ್ಲ. ಸಾಲದುದಕ್ಕೆ, ಸೂಪರ್ ನಿಂಟೆಂಡೊ ಆವೃತ್ತಿಯ ಅಮೆರಿಕದ ಕೈಪಿಡಿಯು ಶೆಂಗ್ ಲಾಂಗ್‌ನನ್ನು ರ್ಯೂ ಮತ್ತು ಕೆನ್‌ರ ಗುರುವೆಂದೇ ಹೆಸರಿಸಿತು. ಅನುವಾದದ ದೋಷಕ್ಕೆ ತಯಾರಕರ ಮುದ್ರೆಯೇ ಬಿದ್ದಂತಾಯಿತು.

ನಂತರದ ಬೆಳವಣಿಗೆಗಳು

ತಪ್ಪೊಪ್ಪಿಗೆಗೂ ಹುಸಿಸುದ್ದಿಗೂ ನಡುವೆ ಎಂಟು ತಿಂಗಳ ಅಂತರವಿತ್ತು. ಒಂದು ದಿನದ ತಮಾಷೆಗೆ ಅದು ದೀರ್ಘ ಅವಧಿಯೇ. ಮುಂದಿನ ಆವೃತ್ತಿಗಳಲ್ಲಿ ರ್ಯೂನ ಮಾತನ್ನು ತಿದ್ದಿ, ಶೆಂಗ್ ಲಾಂಗ್‌ನ ಬದಲು ಡ್ರ್ಯಾಗನ್ ಪಂಚ್ ಎಂದು ಬರೆಯಲಾಯಿತು.

1994ರ 'ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ' ಆಟದಲ್ಲಿ ಅಕುಮಾ ಎಂಬ ಗುಪ್ತ ಯೋಧನು ನಿಜವಾಗಿಯೂ ಕಾಣಿಸಿಕೊಂಡನು. ನಿಗದಿತ ಷರತ್ತುಗಳನ್ನು ಪೂರೈಸಿದವರಿಗೆ ಅವನು ಕೊನೆಯ ಪಂದ್ಯಕ್ಕೆ ನುಗ್ಗಿ, ಬೈಸನ್‌ನನ್ನು ಕ್ಷಣಾರ್ಧದಲ್ಲಿ ಮುಗಿಸಿ, ಆಟಗಾರನ ಎದುರು ನಿಲ್ಲುತ್ತಾನೆ. 1992ರ ಪುಟವನ್ನು ಓದಿದವರಿಗೆ ಈ ದೃಶ್ಯ ಹೊಸದಲ್ಲ. 'ಸ್ಟ್ರೀಟ್ ಫೈಟರ್ 3' ಬಿಡುಗಡೆಯಾದ 1997ರಲ್ಲಿ ಪತ್ರಿಕೆಯು ಏಪ್ರಿಲ್ ತಮಾಷೆಗಾಗಿ ಅದೇ ಹೆಸರನ್ನು ಇನ್ನೊಮ್ಮೆ ಬಳಸಿತು.

ರ್ಯೂ ಮತ್ತು ಕೆನ್‌ರ ಗುರುವಿಗೆ ಸರಣಿಯಲ್ಲಿ ಸ್ಥಿರವಾಗಿ ನಿಂತ ಹೆಸರು ಗೋಕೆನ್. 'ಸ್ಟ್ರೀಟ್ ಫೈಟರ್ 4'ರ 2009ರ ಮನೆಬಳಕೆಯ ಆವೃತ್ತಿಗಳಲ್ಲಿ ಆಟಗಾರರು ಅವನನ್ನು ಆಯ್ದುಕೊಳ್ಳಬಹುದಾಗಿತ್ತು. ಅವನನ್ನು ಗುಪ್ತ ಎದುರಾಳಿಯಾಗಿ ಎದುರಿಸಬೇಕಾದರೆ, ಇಲ್ಲಿಯೂ ಕೆಲವು ಷರತ್ತುಗಳನ್ನು ಪೂರೈಸಬೇಕಿತ್ತು.