ಇಂಜಿನ್ ಬ್ಲಾಕ್ ಒಡೆದಿದೆಯಾ? ಹಣ ಕೊಡುವ ಮೊದಲು ಬಿರುಕು ಎಲ್ಲಿದೆ ಎಂದು ಕೇಳಿ

ಗ್ಯಾರೇಜ್‌ನಿಂದ ಫೋನ್ ಬರುತ್ತದೆ. "ಕಾಕ, ಬ್ಲಾಕ್ ಕ್ರ್ಯಾಕ್ ಉಂಟು. ರಿಪೇರಿ ಮಾಡಿ ಪ್ರಯೋಜನ ಇಲ್ಲ, ಇಂಜಿನ್ ಚೇಂಜ್ ಮಾಡುವುದೇ ಒಳ್ಳೆಯದು." ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಒಂದು ಹಳೆಯ ಡೀಸೆಲ್ ಕಾರನ್ನು ಬಾಡಿಗೆಗೆ ಓಡಿಸಿ ಮನೆ ನಡೆಸುವವರಿಗೆ ಈ ಮಾತು ಕೇಳಿದರೆ ಕೈಕಾಲು ಬಿದ್ದು ಹೋಗುತ್ತದೆ. ಕೆಲವರು ಆ ದಿನವೇ ಚಿನ್ನ ಅಡವಿಟ್ಟು ಅಡ್ವಾನ್ಸ್ ಕೊಟ್ಟು ಬಿಡುತ್ತಾರೆ. ಇನ್ನು ಕೆಲವರು ಎಂ-ಸೀಲ್ ಹಚ್ಚಿಸಿ ಮತ್ತೆ ರಸ್ತೆಗಿಳಿಯುತ್ತಾರೆ. ಎರಡೂ ಅವಸರದ ಕೆಲಸವೇ.

ಮೊದಲು ತಿಳಿಯಬೇಕಾದದ್ದು, ನಿಜವಾಗಿ ಒಡೆದದ್ದು ಬ್ಲಾಕೇ ಹೌದಾ ಎಂಬುದು. ಕೂಲೆಂಟ್ ಕಡಿಮೆಯಾಗುತ್ತಾ ಹೋಗುವುದು, ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದಂತಾಗುವುದು, ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ, ರೇಡಿಯೇಟರ್‌ನಲ್ಲಿ ಗುಳ್ಳೆ ಇವೆಲ್ಲ ಬ್ಲಾಕ್ ಒಡೆದರೂ ಬರುತ್ತವೆ, ಹೆಡ್ ಗ್ಯಾಸ್ಕೆಟ್ ಹೋದರೂ ಬರುತ್ತವೆ, ಹೆಡ್ ಬಿರುಕು ಬಿಟ್ಟರೂ ಬರುತ್ತವೆ. ನೀರಿನಿಂದ ತಂಪಾಗುವ ಆಯಿಲ್ ಕೂಲರ್ ಒಡೆದರೂ ಆಯಿಲ್‌ಗೆ ನೀರು ಸೇರುತ್ತದೆ. ಬಾಯಿಗೆ ನೀಲಿ ದ್ರವದ ಟ್ಯೂಬ್ ಇಟ್ಟು ನೋಡುವ ಒಂದು ಪರೀಕ್ಷೆ ಇದೆ. ಬಣ್ಣ ಬದಲಾದರೆ ಉರಿದ ಗ್ಯಾಸ್ ಕೂಲೆಂಟ್‌ಗೆ ನುಗ್ಗುತ್ತಿದೆ ಎಂದು ಅರ್ಥ. ಎಲ್ಲಿಂದ ನುಗ್ಗುತ್ತಿದೆ ಎಂದು ಅದು ಹೇಳುವುದಿಲ್ಲ. ಆದ್ದರಿಂದ ಹೆಡ್ ಬಿಚ್ಚುವ ಮೊದಲೇ "ಬ್ಲಾಕ್ ಹೋಗಿದೆ" ಎಂದರೆ ಅದು ಅಂದಾಜು ಮಾತ್ರ. ಗ್ಯಾಸ್ಕೆಟ್ ಕೆಲಸಕ್ಕೂ ಇಂಜಿನ್ ಬದಲಿಸುವುದಕ್ಕೂ ಖರ್ಚಿನಲ್ಲಿ ಆಕಾಶ ಭೂಮಿಯ ವ್ಯತ್ಯಾಸ.

ಖಚಿತ ಮಾಡಲು ಬಿಚ್ಚಿದ ಬ್ಲಾಕನ್ನು ಇಂಜಿನ್ ಕೆಲಸ ಮಾಡುವ ಲೇತ್ ವರ್ಕ್‌ಶಾಪ್‌ಗೆ ಒಯ್ಯಬೇಕು. ಅಲ್ಲಿ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿಯ ಒತ್ತಡ ಕೊಟ್ಟು ಪ್ರೆಶರ್ ಟೆಸ್ಟ್ ಮಾಡುತ್ತಾರೆ. ಕೆಂಪು ಡೈ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಆ ಗೆರೆಯ ಫೋಟೊ ಕೇಳಿ ಪಡೆಯಿರಿ. ತೋರಿಸಲಿಕ್ಕೆ ಆಗುವುದಿಲ್ಲ ಎಂದರೆ ಬೇರೆ ಕಡೆ ವಿಚಾರಿಸುವುದು ಒಳ್ಳೆಯದು.

ಬ್ಲಾಕ್ ಒಡೆಯುವುದಾದರೂ ಯಾಕೆ? ಚಳಿ ದೇಶಗಳಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಒಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಆ ಭಯ ಇಲ್ಲ. ಇಲ್ಲಿನ ಶತ್ರು ಬಿಸಿ ಮತ್ತು ಮಳೆ. ಕೂಲೆಂಟ್ ಬದಲು ಬರೀ ಬಾವಿ ನೀರು ಹಾಕಿ ಓಡಿಸಿದರೆ ಒಳಗೆ ತುಕ್ಕು ಹಿಡಿದು ದಾರಿ ಕಟ್ಟುತ್ತದೆ, ಇಂಜಿನ್ ಹೀಟ್ ಆಗುತ್ತದೆ. ಕುದಿಯುತ್ತಿರುವ ಇಂಜಿನ್‌ಗೆ ಗಾಬರಿಯಲ್ಲಿ ತಣ್ಣೀರು ಸುರಿದರೆ ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಕಾರು ನುಗ್ಗಿಸಿದರೆ ಗಾಳಿ ಎಳೆಯುವ ಪೈಪ್‌ನಿಂದ ನೀರು ಸಿಲಿಂಡರ್ ಸೇರುತ್ತದೆ. ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲಾಗದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಂದ್ ಬಿದ್ದ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ರಾಡ್ ಮುರಿದು ಬ್ಲಾಕಿನ ಗೋಡೆಯನ್ನೇ ತೂತು ಮಾಡಿ ಹೊರಬರುವುದೂ ಉಂಟು. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಇಂತಹ ಇಂಜಿನ್ ಹಾನಿಗೆ ಕ್ಲೈಮ್ ಸಿಗುವುದು ಕಷ್ಟ, ಅದಕ್ಕೆ ಇಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಬೇರೆಯೇ ತೆಗೆದಿರಬೇಕು.

ಬಿರುಕು ಎಲ್ಲಿದೆ ಎಂಬುದರ ಮೇಲೆ ತೀರ್ಮಾನ ನಿಂತಿದೆ. ಹೊರಗೋಡೆಯಲ್ಲಿ, ನೀರು ಮಾತ್ರ ಹರಿಯುವ ಜಾಗದಲ್ಲಿದ್ದರೆ ರಿಪೇರಿ ಸಾಧ್ಯ. ಅಲ್ಲಿ ಒತ್ತಡ ಕಡಿಮೆ. ಸಿಲಿಂಡರ್ ಒಳಗಿದ್ದರೆ ಬೋರ್ ಮಾಡಿ ಸ್ಲೀವ್ ಹಾಕುವ ದಾರಿ ಕೆಲವು ಇಂಜಿನ್‌ಗಳಲ್ಲಿದೆ. ಆದರೆ ಕ್ರ್ಯಾಂಕ್‌ಶಾಫ್ಟ್ ಕೂರುವ ಮೇನ್ ಬೇರಿಂಗ್ ಜಾಗದಲ್ಲಿ ಬಿರುಕಿದ್ದರೆ, ಅಥವಾ ರಾಡ್ ಹೊರಬಂದು ದೊಡ್ಡ ತೂತಾಗಿದ್ದರೆ, ಆ ಬ್ಲಾಕ್‌ಗೆ ಹಣ ಹಾಕುವುದು ಬೇಡ. ರಿಪೇರಿ ಮಾಡಿ ಕೊಡುತ್ತೇವೆ ಎನ್ನುವವರು ಸಿಕ್ಕರೂ ಬೇಡ.

ಎರಡನೇ ಪ್ರಶ್ನೆ ಲೋಹದ್ದು. ಒಂದು ಅಯಸ್ಕಾಂತ ಸಾಕು. ಅಂಟಿದರೆ ಬೀಡು ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ. ಸ್ವಿಫ್ಟ್‌ನ 1.3 ಡೀಸೆಲ್, ಇನ್ನೋವಾದ 2.5 ಡೀಸೆಲ್ ಇವುಗಳ ಬ್ಲಾಕ್ ಬೀಡು ಕಬ್ಬಿಣದ್ದು. ಮಾರುತಿಯ ಕೆ ಸೀರೀಸ್ ಪೆಟ್ರೋಲ್ ಇಂಜಿನ್‌ಗಳದ್ದು ಅಲ್ಯೂಮಿನಿಯಂ. ಬೀಡು ಕಬ್ಬಿಣಕ್ಕೆ ಸಾಮಾನ್ಯ ವೆಲ್ಡಿಂಗ್ ಹೊಡೆದರೆ ತಣ್ಣಗಾಗುವಾಗ ವೆಲ್ಡಿಂಗ್ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಇಡೀ ಬ್ಲಾಕನ್ನು ಮೊದಲೇ ಬಿಸಿ ಮಾಡಿ, ನಿಕ್ಕಲ್ ರಾಡ್ ಬಳಸಿ, ನಿಧಾನವಾಗಿ ತಣಿಸುವವರು ಬೇಕು. ಅದಕ್ಕಿಂತ ನಂಬಬಹುದಾದದ್ದು ಮೆಟಲ್ ಸ್ಟಿಚಿಂಗ್. ಬಿರುಕಿನ ಉದ್ದಕ್ಕೆ ತೂತು ಕೊರೆದು, ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಥ್ರೆಡ್ ಪಿನ್ ಕೂರಿಸಿ, ಅಡ್ಡಕ್ಕೆ ಬೀಗದಂತಹ ಪಟ್ಟಿ ಹಾಕುತ್ತಾರೆ. ಬೆಂಕಿಯೇ ಇಲ್ಲದ್ದರಿಂದ ಬ್ಲಾಕ್ ಸೊಟ್ಟಗಾಗುವುದಿಲ್ಲ. ಅಲ್ಯೂಮಿನಿಯಂಗೆ ಟಿಗ್ ವೆಲ್ಡಿಂಗ್ ಆಗುತ್ತದೆ, ಆದರೆ ಆ ಭಾಗದ ಗಟ್ಟಿತನ ಸ್ವಲ್ಪ ಕುಗ್ಗುತ್ತದೆ, ಮತ್ತೆ ಮೇಲ್ಮೈ ಸಮ ಮಾಡಿಸಬೇಕು. ಎಂ-ಸೀಲ್, ರೇಡಿಯೇಟರ್‌ಗೆ ಸುರಿಯುವ ಲೀಕ್ ಸ್ಟಾಪ್ ಇವೆಲ್ಲ ಮನೆ ಮುಟ್ಟಿಸುವುದಕ್ಕೆ ಮಾತ್ರ.

ಇನ್ನು ಲೆಕ್ಕ. ಹೆಚ್ಚಿನವರು "ಕಾರಿಗೆ ಎರಡೂವರೆ ಲಕ್ಷ ಬೆಲೆ ಇದೆ, ಒಂದೂವರೆ ಹಾಕಿದರೂ ನಷ್ಟವಿಲ್ಲ" ಎಂದು ಯೋಚಿಸುತ್ತಾರೆ. ತಪ್ಪುವುದು ಅಲ್ಲೇ. ಇಂಜಿನ್ ಒಡೆದ ಸ್ಥಿತಿಯಲ್ಲೇ ಆ ಕಾರು ಎಷ್ಟಕ್ಕೆ ಹೋಗುತ್ತದೆ ಎಂದು ಮೊದಲು ಕೇಳಬೇಕು. ಉದಾಹರಣೆಗೆ 1 ಲಕ್ಷಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ರಿಪೇರಿಯಿಂದ ಹುಟ್ಟುವ ಬೆಲೆ 1.5 ಲಕ್ಷ ಮಾತ್ರ. ಸ್ಟಿಚಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್, ಆಯಿಲ್, ಇಳಿಸಿ ಏರಿಸುವ ಕೂಲಿ ಸೇರಿ 60,000 ಆದರೆ ಲಾಭ. ಕಂಪೆನಿಯ ಹೊಸ ಹಾಫ್ ಇಂಜಿನ್ ಹಾಕಿ 1.6 ಲಕ್ಷ ಆದರೆ ಕೈಯಿಂದ 10,000 ಹೋಯಿತು. ಬಾಡಿಗೆ ಕಾರಾದರೆ ನಿಂತ ದಿನಗಳನ್ನೂ ಸೇರಿಸಬೇಕು. ದಿನಕ್ಕೆ 1,200 ಉಳಿಯುವ ಕಾರು 20 ದಿನ ಗ್ಯಾರೇಜ್‌ನಲ್ಲಿ ಕುಳಿತರೆ 24,000 ಹೋಯಿತು. ಕಳೆದ ವರ್ಷ ಹಾಕಿಸಿದ ಹೊಸ ಟಯರ್, ಎಸಿ ಕೆಲಸದ ಹಣವನ್ನು ಈ ಲೆಕ್ಕಕ್ಕೆ ತರಬಾರದು. ಅದು ಹೋದ ಹಣ. ಕಾರಿನ ಆರ್‌ಸಿಯ 15 ವರ್ಷ ಮುಗಿಯಲು ಎಷ್ಟು ಉಳಿದಿದೆ ಎಂದೂ ನೋಡಿ.

ಸೆಕೆಂಡ್ ಹ್ಯಾಂಡ್ ಇಂಜಿನ್ ಈ ಕಡೆ ಹೆಚ್ಚಿನವರು ಹಿಡಿಯುವ ದಾರಿ. ಕಡಿಮೆಗೆ ಆಗುತ್ತದೆ, ಬೇಗ ಆಗುತ್ತದೆ. ಆದರೆ ಗುಜರಿಯಲ್ಲಿ ಬಿದ್ದಿರುವ ಇಂಜಿನ್ ಯಾಕೆ ಬಿದ್ದಿದೆ ಎಂದು ಯಾರೂ ಹೇಳುವುದಿಲ್ಲ. ಕೈಯಲ್ಲಿ ತಿರುಗಿಸಿ ನೋಡಬೇಕು, ಆಯಿಲ್ ಸಂಪ್ ಬಿಚ್ಚಿಸಬೇಕು, ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು. 1.3 ಡೀಸೆಲ್ ಮೂಲತಃ ಫಿಯೆಟ್ ವಿನ್ಯಾಸದ ಇಂಜಿನ್, ಪುಂಟೊದಲ್ಲೂ ಟಾಟಾ ವಿಸ್ಟಾದಲ್ಲೂ ಬಂದಿದೆ. ಹಾಗೆಂದು ಕಣ್ಣುಮುಚ್ಚಿ ಅದನ್ನು ಸ್ವಿಫ್ಟ್‌ಗೆ ಕೂರಿಸಲಿಕ್ಕೆ ಹೋಗಬೇಡಿ. ಸೆನ್ಸರ್, ಮೌಂಟಿಂಗ್, ಕಂಪ್ಯೂಟರ್ ಎಲ್ಲವೂ ಹೊಂದಬೇಕು.

ಅದಕ್ಕಿಂತ ದೊಡ್ಡ ತಲೆನೋವು ಕಾಗದದ್ದು. ನಂಬರ್ ಇರುವುದು ಬ್ಲಾಕಿನ ಮೇಲೆ. ಬ್ಲಾಕ್ ಬದಲಾದರೆ ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಹೊಂದುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಬೇಕು. ಕೆಎಲ್-14 ಕಾರಿಗೆ ತಲಪಾಡಿ ದಾಟಿ ಮಂಗಳೂರಿನಿಂದ ಇಂಜಿನ್ ತಂದರೂ ದಾಖಲೆ ಆಗಬೇಕಾದದ್ದು ಕಾಸರಗೋಡಿನಲ್ಲೇ. ಅದಕ್ಕೆ ಇಂಜಿನ್ ನಂಬರ್ ಬರೆದ ಬಿಲ್, ಅದು ಯಾವ ಕಾರಿನದ್ದೋ ಆ ಕಾರಿನ ಆರ್‌ಸಿಯ ನಕಲು ಮೊದಲೇ ಕೇಳಿ ಪಡೆಯಬೇಕು. ಬಿಲ್ ಇಲ್ಲದ ಇಂಜಿನ್ ಕಳವು ಮಾಲಾಗಿದ್ದರೆ ಪೊಲೀಸರು ಬರುವುದು ಕೊಂಡವನ ಮನೆಗೆ. ಅಪಘಾತವಾದಾಗ ನಂಬರ್ ಹೊಂದದಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ, ಅವರಿಗೂ ಬರೆದು ತಿಳಿಸಬೇಕು. ಕಂಪೆನಿಯಿಂದ ಬರುವ ಹೊಸ ಬ್ಲಾಕ್‌ನಲ್ಲಿ ನಂಬರ್ ಇಲ್ಲದಿದ್ದರೆ ಆರ್‌ಟಿಒ ಕೇಳದೆ ಪಂಚ್ ಮಾಡಿಸಬೇಡಿ. ರಿಪೇರಿಗೆ ಈ ಯಾವ ಓಡಾಟವೂ ಇಲ್ಲ. ಸಣ್ಣ ಬಿರುಕಿಗೆ ಸ್ಟಿಚಿಂಗ್ ಒಳ್ಳೆಯದು ಎನ್ನಲು ಇದೂ ಒಂದು ಕಾರಣ.

ಬದಲಿಸುವುದೇ ಆದರೆ, ಹಳೆಯ ಬ್ಲಾಕನ್ನು ಕೆಲಸದ ಲೆಕ್ಕಕ್ಕೆ ವಜಾ ಎಂದು ಗ್ಯಾರೇಜ್‌ನಲ್ಲೇ ಬಿಟ್ಟು ಬರಬೇಡಿ. ಹೊಸ ನಂಬರ್ ಆರ್‌ಸಿಗೆ ಏರುವ ತನಕ ಹಳೆ ನಂಬರ್ ಇರುವ ಆ ಬ್ಲಾಕ್ ನಿಮ್ಮ ಹಿತ್ತಿಲಲ್ಲಿರಲಿ, ಆಮೇಲೆ ಗುಜರಿಗೆ ತೂಕಕ್ಕೆ ಹಾಕಬಹುದು.