ಕಾರಣದಲ್ಲಿ ಪಾಲೆಷ್ಟು?

ಇಂಗ್ಲಿಷ್ ಭಾಷೆಯಲ್ಲಿ ‘ಕಾಂಟ್ರಿಬ್ಯೂಟ್’ ಎಂಬುದೊಂದು ಕ್ರಿಯಾಪದವುಂಟು. ವಿಜ್ಞಾನ ಗ್ರಂಥಗಳನ್ನು ಓದುವವರಿಗೆ ಇದು ಪದೇ ಪದೇ ಎದುರಾಗುತ್ತದೆ. ‘ಕಾಸ್’ ಎಂದರೆ ಒಂದು ಸಂಗತಿಯನ್ನು ಉಂಟುಮಾಡುವುದು. ‘ಕಾಂಟ್ರಿಬ್ಯೂಟ್’ ಎಂದರೆ, ಅದು ಉಂಟಾಗುವಲ್ಲಿ ಇತರ ಕಾರಣಗಳೊಡನೆ ತಾನೂ ಪಾಲುಗೊಳ್ಳುವುದು. ಕನ್ನಡಕ್ಕೆ ತರುವಾಗ ವಿದ್ಯಾರ್ಥಿಗಳು ಎರಡಕ್ಕೂ ‘ಕಾರಣವಾಯಿತು’ ಎಂದೇ ಬರೆಯುವುದುಂಟು. ಆಗ ಪಾಲನ್ನೇ ಪೂರ್ಣವೆಂದಂತಾಯಿತು. ‘ಕೊಡುಗೆ ನೀಡಿತು’ ಎಂದರೆ ಬೇರೊಂದು ತೊಡಕು. ಇಂಗ್ಲಿಷಿನ ಪದ ಒಳಿತಿಗೂ ಕೆಡುಕಿಗೂ ಸಲ್ಲುತ್ತದೆ. ನಮ್ಮ ‘ಕೊಡುಗೆ’ಯಾದರೋ ಒಳಿತಿಗೇ ಒಪ್ಪುವ ಮಾತು. ‘ಮಳೆಯು ಗುಡ್ಡದ ಕುಸಿತಕ್ಕೆ ಕೊಡುಗೆ ನೀಡಿತು’ ಎಂದರೆ ಕೇಳಿದವರು ನಕ್ಕಾರು.

ನಮ್ಮ ದರ್ಶನಕಾರರು ಈ ಭೇದವನ್ನು ಹಿಂದೆಯೇ ಗುರುತಿಸಿದ್ದರು. ಮಡಕೆಗೆ ಮಣ್ಣು ಉಪಾದಾನ ಕಾರಣ. ಕುಂಬಾರನು ನಿಮಿತ್ತ ಕಾರಣ. ಚಕ್ರ, ದಂಡಗಳು ಸಹಕಾರಿ ಕಾರಣ. ‘ಸಹಕಾರಿ ಕಾರಣವಾಯಿತು’ ಎಂದರೆ ಇಂಗ್ಲಿಷ್ ಪದದ ಅರ್ಥ ಬಹುಮಟ್ಟಿಗೆ ಬಂದಂತೆಯೇ. ಆದರೆ ಪಾಲು ಎಂದೊಡನೆ ‘ಎಷ್ಟು ಪಾಲು?’ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಎಲ್ಲಿ ಉತ್ತರವುಂಟು, ಎಲ್ಲಿ ಇಲ್ಲ ಎಂಬುದನ್ನು ಚಿಕ್ಕಮಗಳೂರು ಸೀಮೆಯ ಮೂರು ನಿದರ್ಶನಗಳಿಂದ ಪರಿಶೀಲಿಸೋಣ.

ಮೊದಲನೆಯದು ನದಿ. ‘ಕಾಂಟ್ರಿಬ್ಯೂಟ್’ ಪದದ ಮೂಲ, ಹಂಚಿಕೊಡು ಎಂಬರ್ಥದ ಲ್ಯಾಟಿನ್ ಧಾತು. ಉಪನದಿಯನ್ನು ಸೂಚಿಸುವ ‘ಟ್ರಿಬ್ಯುಟರಿ’ ಎಂಬ ಪದವೂ ಅದರಿಂದಲೇ ಹುಟ್ಟಿದೆ. ಗಂಗಾಮೂಲದಲ್ಲಿ ಜನಿಸಿದ ಭದ್ರೆಯು ಕಳಸದ ಬಳಿ ಹಾದು, ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ತುಂಗೆಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ. ಸಂಗಮಕ್ಕೆ ಮುನ್ನ ಎರಡು ನದಿಗಳಲ್ಲೂ ಸೆಕೆಂಡಿಗೆ ಹರಿಯುವ ನೀರನ್ನು ಅಳೆದರೆ, ಕೂಡಿದ ನೀರಿನಲ್ಲಿ ಭದ್ರೆಯ ಪಾಲು ನೂರಕ್ಕೆ ಇಷ್ಟು ಎಂದು ಹೇಳಬಹುದು. ತುಂಗೆ ಬತ್ತಿದರೂ ಭದ್ರೆಯ ಪಾಲು ಬಂದೇ ಬರುತ್ತದೆ. ಇದು ಸಂಕಲನದ ಲೆಕ್ಕ.

ಕಾಫಿಯ ಹೂವಿನ ಲೆಕ್ಕ ಹೀಗಲ್ಲ. ಗಿಡದಲ್ಲಿ ಮೂಡಿದ ಮೊಗ್ಗುಗಳು ಬೇಸಗೆಯ ಮೊದಲ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಸುಪ್ತವಾಗಿರುತ್ತವೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಸುಮಾರು ೨೫ ಮಿಲಿಮೀಟರು, ಎಂದರೆ ಒಂದು ಅಂಗುಲದಷ್ಟು, ಹೂಮಳೆ ಬಿದ್ದರೆ ಅವು ಎಚ್ಚೆತ್ತು, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ತಡವಾದರೆ ರೋಬಸ್ಟಾ ಬೆಳೆಗಾರರು ಸ್ಪ್ರಿಂಕ್ಲರಿನಿಂದ ನೀರು ಕೊಡುತ್ತಾರೆ. ಹಾಗಾದರೆ ಹೂವಿಗೆ ನೀರೊಂದೇ ಕಾರಣವೆ? ಅಲ್ಲ. ಮೊದಲು ಒಣಹವೆಯ ಬಳಲಿಕೆ ಇರದಿದ್ದರೆ, ಅದೇ ಮಳೆಗೆ ಮೊಗ್ಗುಗಳು ಹಾಗೆ ಒಟ್ಟಾಗಿ ಅರಳಲಾರವು. ಒಣಹವೆಗೂ ಮಳೆಗೂ ಪರಸ್ಪರ ವಿರೋಧ. ಆದರೂ ಒಂದೇ ಹೂವಿಗೆ ಎರಡೂ ಸಹಕಾರಿಗಳು! ಇದು ಗುಣಾಕಾರದ ಲೆಕ್ಕವನ್ನು ಹೋಲುತ್ತದೆ. ಆರನ್ನು ಏಳರಿಂದ ಗುಣಿಸಿದರೆ ೪೨ ಬರುವುದಷ್ಟೆ. ಆ ೪೨ರಲ್ಲಿ ಆರರ ಪಾಲೆಷ್ಟು, ಏಳರ ಪಾಲೆಷ್ಟು ಎಂದು ಕೇಳುವುದರಲ್ಲಿ ಅರ್ಥವುಂಟೆ?

ಮೂರನೆಯ ನಿದರ್ಶನ ದುಃಖದ್ದು. ೨೦೧೯ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದೆಡೆಗಳಲ್ಲಿ ಗುಡ್ಡಗಳು ಕುಸಿದು ಮನೆಗಳೂ ಕಾಫಿ ತೋಟಗಳೂ ಮಣ್ಣುಪಾಲಾದುವು. ಇಳಿಜಾರಿನ ಮಣ್ಣನ್ನು ಗುರುತ್ವವು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಕಣಗಳ ನಡುವಣ ಘರ್ಷಣೆ, ಮಣ್ಣಿನ ಅಂಟು, ಬೇರುಗಳ ಹಿಡಿತ ಇವು ಅದನ್ನು ತಡೆಯುತ್ತವೆ. ಮಳೆನೀರು ಇಂಗಿದಾಗ ಮಣ್ಣಿನ ತೂಕ ಹೆಚ್ಚುತ್ತದೆ. ಜೊತೆಗೆ ರಂಧ್ರಗಳಲ್ಲಿ ತುಂಬಿದ ನೀರಿನ ಒತ್ತಡವು ಕಣಗಳನ್ನು ಅಗಲಿಸಿ ಘರ್ಷಣೆಯನ್ನು ತಗ್ಗಿಸುತ್ತದೆ. ರಸ್ತೆಗೋ ಮನೆಗೋ ಗುಡ್ಡದ ಬುಡವನ್ನು ಕಡಿದಿದ್ದರೆ, ಕೆಳಗಿನ ಆಸರೆಯೂ ಕಡಮೆಯಾಗುತ್ತದೆ.

ಒಂದು ಗುಡ್ಡದಲ್ಲಿ ಎಳೆತ ೮೦, ತಡೆ ೧೦೦ ಎಂದು ಕಲ್ಪಿಸಿಕೊಳ್ಳಿ. ಲೆಕ್ಕ ಸರಳವಾಗಲೆಂದು ನೀರಿನ ತೂಕವನ್ನು ಬಿಟ್ಟುಬಿಡೋಣ. ಮಳೆಯಿಂದ ತಡೆ ೧೫ರಷ್ಟು ಕುಗ್ಗಿದರೆ ೮೫ ಉಳಿಯಿತು, ಗುಡ್ಡ ನಿಲ್ಲುತ್ತದೆ. ಮಳೆಯಿಲ್ಲದೆ ಬುಡ ಕಡಿದುದರಿಂದ ೧೦ರಷ್ಟು ಕುಗ್ಗಿದರೆ ೯೦ ಉಳಿಯಿತು, ಆಗಲೂ ನಿಲ್ಲುತ್ತದೆ. ಎರಡೂ ಸೇರಿದರೆ ಉಳಿಯುವುದು ೭೫, ಗುಡ್ಡ ಕುಸಿಯುತ್ತದೆ. ಇಲ್ಲಿ ತಡೆಯ ನಷ್ಟವನ್ನು ಪಾಲು ಮಾಡಬಹುದು: ೨೫ರಲ್ಲಿ ಮಳೆಯದು ೧೫. ಆದರೆ ಕುಸಿತವನ್ನು ಪಾಲು ಮಾಡಲಾಗದು. ಎರಡರಲ್ಲಿ ಯಾವುದೊಂದು ಇಲ್ಲದಿದ್ದರೂ ಕುಸಿತವೇ ಇಲ್ಲ. ಚಿಕ್ಕ ಪಾಲಿನದೆಂದು ತೋರುವ ಕಾರಣವನ್ನು ತಪ್ಪಿಸಿದ್ದರೂ ಮನೆ ಉಳಿಯುತ್ತಿತ್ತು!

ಕಡಿತ ವರುಷಗಳ ಹಿಂದಿನದು, ಮಳೆ ನಿನ್ನೆಯದು. ಕಡೆಯಲ್ಲಿ ಬಂದ ಕಾರಣವೇ ಕಣ್ಣಿಗೆ ಬೀಳುವುದರಿಂದ ‘ಮಳೆಯಿಂದ ಗುಡ್ಡ ಕುಸಿಯಿತು’ ಎಂದು ಹೇಳಿ ವಿಚಾರಣೆಯನ್ನು ಮುಗಿಸಿಬಿಡುತ್ತೇವೆ. ‘ಮಳೆಯು ಸಹಕಾರಿ ಕಾರಣವಾಯಿತು’ ಎಂದೆವಾದರೆ, ಯಾವುದರೊಡನೆ ಸಹಕರಿಸಿತು ಎಂದು ಮುಂದೆ ಕೇಳಲೇಬೇಕಾಗುತ್ತದೆ. ಮುಂಗಾರನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ; ಗುಡ್ಡದ ಬುಡವನ್ನು ಕಡಿಯದಿರುವುದು, ನೀರು ಹರಿದುಹೋಗಲು ದಾರಿ ಬಿಡುವುದು, ಬೇರೂರಿದ ಮರಗಳನ್ನು ಉಳಿಸುವುದು ನಮ್ಮ ಕೈಯಲ್ಲಿದೆ. ಆದುದರಿಂದ ವಿದ್ಯಾರ್ಥಿಗಳು ಇನ್ನು ಮುಂದೆ ‘ಕಾಂಟ್ರಿಬ್ಯೂಟ್’ ಎಂಬ ಪದವನ್ನು ಕಂಡಾಗ, ಇಲ್ಲಿರುವುದು ನದಿಯ ಲೆಕ್ಕವೋ, ಹೂವಿನ ಲೆಕ್ಕವೋ, ಗುಡ್ಡದ ಲೆಕ್ಕವೋ ಎಂದು ವಿಚಾರಿಸಿ, ಅನಂತರವೇ ಪಾಲನ್ನು ಹಂಚಲಿ.